ಲೋಳೆಸರ ಮತ್ತು ಅದರ ಕಿರು ಬಂಧುಗಳು: ಒಣ ತಾಲ್ಲೂಕುಗಳಲ್ಲಿ ಬೆಳೆಸುವ ಕ್ರಮ, ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ: ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಿಗೆ)



ನಮ್ಮ ಹಳ್ಳಿಗಳಲ್ಲಿ ದೃಷ್ಟಿ ತಾಗದಿರಲೆಂದು ಮನೆಯ ಬಾಗಿಲ ಮೇಲೆ ಲೋಳೆಸರದ ಗಿಡವನ್ನು ಬೇರುಸಹಿತ ಕಿತ್ತು ತಲೆಕೆಳಗಾಗಿ ಕಟ್ಟುವ ರೂಢಿಯುಂಟು. ಮಣ್ಣಿಲ್ಲದೆ, ನೀರಿಲ್ಲದೆ ಆ ಗಿಡ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ತುದಿಯನ್ನು ಬೆಳಕಿನ ಕಡೆಗೆ ಮೇಲಕ್ಕೆ ಬಾಗಿಸಿಕೊಳ್ಳುತ್ತದೆ. ಈ ಒಂದು ನೋಟದಲ್ಲಿಯೇ ಇಂದಿನ ಪಾಠದ ತಿರುಳಿದೆ. ಬೇರೆ ಗಿಡಗಳು ಒಂದು ವಾರದಲ್ಲಿ ಒಣಗುವ ಸ್ಥಿತಿಯಲ್ಲಿ ಈ ಗಿಡ ಹೇಗೆ ಬದುಕುತ್ತದೆ? ಹಾಗೆ ಬದುಕುವ ಗಿಡದಿಂದ ನಮ್ಮ ಶಾಲೆ, ಅಂಗನವಾಡಿ, ಪಂಚಾಯಿತಿ ಆವರಣಗಳಿಗೆ ಏನು ಪ್ರಯೋಜನ? ‘ಬರಗಾಲದಲ್ಲೂ ಲಾಭ ಕೊಡುವ ಬೆಳೆ’ ಎಂದು ಹೇಳಿಕೊಂಡು ಬರುವವರ ಮಾತನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು? ಈ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಈ ಪಾಠದ ಉದ್ದೇಶ.

1. ನಮ್ಮ ನೆಲ, ನಮ್ಮ ಮಳೆ

ನಾಲ್ಕೂ ತಾಲ್ಲೂಕುಗಳು ಕರ್ನಾಟಕದ ಕೃಷಿ ಹವಾಮಾನ ವಲಯಗಳ ಪೈಕಿ ಮಧ್ಯ ಒಣ ವಲಯಕ್ಕೆ ಸೇರಿವೆ. ಮಳೆಯ ಹೆಚ್ಚಿನ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಒಂದು ಹದಮಳೆಗೂ ಮತ್ತೊಂದಕ್ಕೂ ನಡುವೆ ಮೂರು ನಾಲ್ಕು ವಾರಗಳ ಬಿಡುವು ಬಿದ್ದು ಶೇಂಗಾ ಬೆಳೆ ಕೈಕೊಡುವುದು ಇಲ್ಲಿನ ರೈತರಿಗೆ ಹೊಸ ಅನುಭವವಲ್ಲ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಬಿಸಿಲು ಕಠಿಣವಾಗಿರುತ್ತದೆ. ಕೊಳವೆಬಾವಿಗಳ ಆಳ ಹೆಚ್ಚುತ್ತಾ ಹೋದಂತೆ ನೀರಿನ ಗಡಸುತನವೂ ಹೆಚ್ಚಿದೆ. ಪಾವಗಡದ ಅಂತರ್ಜಲದಲ್ಲಿರುವ ಫ್ಲೋರೈಡ್ ಸಮಸ್ಯೆ ಎಲ್ಲರಿಗೂ ತಿಳಿದಿರುವ ವಿಷಯ.

ಆದರೆ ಇಲ್ಲಿನ ನೆಲಕ್ಕೆ ಒಂದು ಗುಣವೂ ಇದೆ. ಗುಡ್ಡಗಳ ಬುಡದ ಕೆಂಪು ಮರಳುಮಿಶ್ರಿತ ಮಣ್ಣು, ಗರಸು ಮಣ್ಣು ನೀರನ್ನು ಬೇಗ ಬಸಿದುಬಿಡುತ್ತವೆ. ರಾಗಿಗೂ ಶೇಂಗಾಕ್ಕೂ ಕೆಲವೊಮ್ಮೆ ಕೊರತೆಯಾಗುವ ಈ ಗುಣವೇ ಲೋಳೆಸರದ ಜಾತಿಯ ಗಿಡಗಳಿಗೆ ವರವಾಗುತ್ತದೆ. ಈ ಗಿಡಗಳು ನೀರಿನ ಅಭಾವದಿಂದ ಸಾಯುವುದು ಅಪರೂಪ. ಬೇರಿನ ಬಳಿ ನೀರು ನಿಂತು ಕೊಳೆತು ಸಾಯುವುದೇ ಹೆಚ್ಚು.

2. ಗಿಡದ ಪರಿಚಯ ಮತ್ತು ಗುರುತು

ಲೋಳೆಸರವನ್ನು ಆಯುರ್ವೇದದಲ್ಲಿ ಕುಮಾರಿ, ಘೃತಕುಮಾರಿ ಎಂದು ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಆಲೋ ವೆರಾ. ಇದರ ಮೂಲ ನೆಲೆ ಅರೇಬಿಯಾ ಪರ್ಯಾಯ ದ್ವೀಪ. ಬಹು ಹಿಂದೆಯೇ ಭಾರತಕ್ಕೆ ಬಂದು ಇಲ್ಲಿನ ಗಿಡವೇ ಎಂಬಷ್ಟು ಬೆರೆತುಹೋಗಿದೆ. ಆಲೋ ಎಂಬ ಕುಲದಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳಿವೆ. ಅವು ಆಫ್ರಿಕಾ, ಮಡಗಾಸ್ಕರ್ ಮತ್ತು ಅರೇಬಿಯಾದ ಒಣ ನಾಡುಗಳಲ್ಲಿ ಹುಟ್ಟಿದವು. ಕೆಲವು ಮರದಷ್ಟು ಎತ್ತರ ಬೆಳೆದರೆ ಕೆಲವು ಅಂಗೈಯಗಲದ ಕುಂಡದಲ್ಲಿ ಜೀವಮಾನ ಕಳೆಯುತ್ತವೆ.

ನಮ್ಮ ಭಾಗದಲ್ಲಿ ಲೋಳೆಸರದೊಂದಿಗೆ ಗೊಂದಲಕ್ಕೊಳಗಾಗುವ ಗಿಡ ಕತ್ತಾಳೆ. ಹೊಲದ ಬದುಗಳಲ್ಲಿ, ರಸ್ತೆಯ ಬದಿಯಲ್ಲಿ ಬೇಲಿಯಾಗಿ ಬೆಳೆದಿರುವ ಕತ್ತಾಳೆ ಅಮೆರಿಕ ಖಂಡದ ಗಿಡ. ಲೋಳೆಸರಕ್ಕೆ ಅದು ನೇರ ಬಂಧುವಲ್ಲ. ಇವುಗಳ ವ್ಯತ್ಯಾಸವನ್ನು ಸದಸ್ಯರು ಮಕ್ಕಳಿಗೂ ಸ್ವಸಹಾಯ ಸಂಘದ ಸದಸ್ಯೆಯರಿಗೂ ಹೀಗೆ ತಿಳಿಸಬಹುದು.

ಎಲೆಯನ್ನು ಅಡ್ಡಲಾಗಿ ಕತ್ತರಿಸಿದಾಗ ಲೋಳೆಸರದಲ್ಲಿ ಪಾರದರ್ಶಕ ತಿರುಳು ಕಾಣುತ್ತದೆ; ಸಿಪ್ಪೆಯ ಒಳಅಂಚಿನಿಂದ ಹಳದಿ ರಸ ಒಸರುತ್ತದೆ. ಕತ್ತಾಳೆಯಲ್ಲಿ ಉದ್ದನೆಯ ನಾರು ಕೈಗೆ ಸಿಗುತ್ತದೆ. ಲೋಳೆಸರದ ಎಲೆಯಂಚಿನ ಮುಳ್ಳು ಮೃದು. ಕತ್ತಾಳೆಯ ಎಲೆಯ ತುದಿಯಲ್ಲಿ ಸೂಜಿಯಂಥ ಗಟ್ಟಿ ಮುಳ್ಳಿರುವುದು ಸಾಮಾನ್ಯ. ಲೋಳೆಸರ ಬಲಿತ ಮೇಲೆ ವರ್ಷ ವರ್ಷವೂ ಹೂಬಿಡಬಲ್ಲದು. ಕತ್ತಾಳೆ ಹಲವು ವರ್ಷಗಳ ನಂತರ ಒಮ್ಮೆ ಎತ್ತರದ ಹೂಕಂಬ ಬಿಟ್ಟು ಸಾಯುತ್ತದೆ. ಕತ್ತಾಳೆಯ ರಸ ಮೈಗೆ ತಾಗಿದರೆ ತುರಿಕೆ, ಉರಿ ಉಂಟಾಗಬಹುದಾದ್ದರಿಂದ ಈ ಗುರುತು ಮುಖ್ಯ. ಇನ್ನು ಕತ್ತರಿಸಿದೊಡನೆ ಬಿಳಿ ಹಾಲು ಸುರಿಸುವ ಗಿಡ ಕಳ್ಳಿಯ ಜಾತಿಯದು; ಆ ಹಾಲು ಕಣ್ಣಿಗೆ ಅಪಾಯಕಾರಿ. ಅದನ್ನು ಶಾಲೆಯ ಆವರಣದಲ್ಲಿ ಬೆಳೆಸಬಾರದು.

ಎಲೆಯ ಮೇಲಿನ ಬಿಳಿ ಚುಕ್ಕೆಗಳನ್ನು ಮಾತ್ರ ನೋಡಿ ಜಾತಿಯನ್ನು ನಿರ್ಧರಿಸುವುದು ಸರಿಯಲ್ಲ. ಲೋಳೆಸರದ ಎಳೆಯ ಮರಿಗಳಲ್ಲಿ ಚುಕ್ಕೆಗಳಿದ್ದು, ಗಿಡ ಬಲಿತಂತೆ ಮಾಸಿಹೋಗುವುದುಂಟು. ಹೂವಿನ ಬಣ್ಣ ಹೆಚ್ಚು ನಂಬಲರ್ಹ ಗುರುತು. ಆಲೋ ವೆರಾದ ಹೂ ಹಳದಿ.

3. ಬರವನ್ನು ತಾಳುವ ಬಗೆ

ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ಪತ್ರರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ರಂಧ್ರ ತೆರೆದಾಗ ಒಳಗಿನ ನೀರು ಆವಿಯಾಗಿ ಹೊರಹೋಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಈ ನಷ್ಟ ಬಹಳ. ಲೋಳೆಸರ ಈ ವ್ಯವಹಾರವನ್ನು ರಾತ್ರಿಗೆ ಬದಲಾಯಿಸಿಕೊಂಡಿದೆ. ಹಗಲಿನಲ್ಲಿ ರಂಧ್ರ ಮುಚ್ಚಿ, ತಂಪು ಹೊತ್ತಿನಲ್ಲಿ ತೆರೆದು, ಪಡೆದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿಕೊಂಡೇ ಆ ದಾಸ್ತಾನನ್ನು ಬಳಸಿ ಆಹಾರ ತಯಾರಿಸುತ್ತದೆ. ಎಲೆಯ ಮೇಲಿನ ಮೇಣದ ಪದರ ಆವಿಯನ್ನು ಮತ್ತಷ್ಟು ತಡೆಯುತ್ತದೆ. ಎಲೆಯ ತಿರುಳು ನೀರಿನ ಕಣಜ. ಅದರ ತೂಕದಲ್ಲಿ ಶೇ. 98ಕ್ಕೂ ಹೆಚ್ಚು ಪಾಲು ನೀರೇ.

ಇಲ್ಲಿ ಒಂದು ಸೂಕ್ಷ್ಮವನ್ನು ಸದಸ್ಯರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬರವನ್ನು ತಾಳುವುದು ಬೇರೆ. ಬರದಲ್ಲಿ ಬೆಳೆಯುವುದು ಬೇರೆ. ನೀರು ಸಿಗದಿದ್ದಾಗ ಲೋಳೆಸರ ತನ್ನ ಕಣಜವನ್ನು ತಾನೇ ಖರ್ಚು ಮಾಡುತ್ತದೆ. ಎಲೆ ತೆಳುವಾಗುತ್ತದೆ, ಒಳಕ್ಕೆ ಬಾಗುತ್ತದೆ, ಕೆಂಪಗಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಗಿಡ ಬದುಕಿರುತ್ತದೆ, ಆದರೆ ತೂಕ ಕೊಡುವುದಿಲ್ಲ. ಅಲಂಕಾರಕ್ಕೆ, ಮನೆಬಳಕೆಗೆ, ಪಾಠಕ್ಕೆ ಬೆಳೆಸುವವರಿಗೆ ಇದರಿಂದ ನಷ್ಟವಿಲ್ಲ. ಎಲೆಯನ್ನು ತೂಗಿ ಮಾರುವ ಉದ್ದೇಶದಿಂದ ಬೆಳೆಸುವವರಿಗೆ ಮಾತ್ರ ಈ ವ್ಯತ್ಯಾಸ ಲಾಭ ನಷ್ಟಗಳ ಗೆರೆಯಾಗುತ್ತದೆ. ಈ ವಿಷಯಕ್ಕೆ 8ನೆಯ ಭಾಗದಲ್ಲಿ ಮರಳೋಣ.

4. ಯಾವ ಗಿಡವನ್ನು ಆರಿಸಬೇಕು

ಮೊದಲ ಆಯ್ಕೆ ನಮ್ಮ ಊರಿನದೇ ಲೋಳೆಸರವಾಗಿರಲಿ. ಯಾರದಾದರೂ ಹಿತ್ತಲಿನಲ್ಲಿ ಹತ್ತಾರು ವರ್ಷಗಳಿಂದ ಬೆಳೆದು ನಿಂತಿರುವ ಗಿಡ ಇಲ್ಲಿನ ಬಿಸಿಲನ್ನೂ ಗಡಸು ನೀರನ್ನೂ ಕಂಡಿದೆ. ಅದರ ಮರಿಗೆ ಬೆಲೆಯಿಲ್ಲ. ಕೇಳಿದರೆ ಕೊಡದವರೂ ಇಲ್ಲ.

ನರ್ಸರಿಗಳಲ್ಲಿ ಈಗ ಹಲವು ಕಿರು ಆಲೋಗಳು ದೊರೆಯುತ್ತವೆ. ಇವುಗಳನ್ನು ಕೊಳ್ಳುವ ಮುನ್ನ ಅವುಗಳ ತವರಿನ ಹವೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಪೂರ್ವ ಆಫ್ರಿಕಾದ ಕೀನ್ಯಾ ಮೂಲದ ಆಲೋ ಜುವೆನ್ನಾ ಚಿಕ್ಕ ಚಿಕ್ಕ ಮುಳ್ಳೆಲೆಗಳ ಗೋಪುರದಂತೆ ಗುಂಪಾಗಿ ಬೆಳೆಯುತ್ತದೆ. ಬಿಸಿ ಹವೆಗೆ ಹೊಂದಿಕೊಳ್ಳುತ್ತದೆ, ಹೆಚ್ಚು ಆರೈಕೆ ಬೇಡುವುದಿಲ್ಲ. ದಕ್ಷಿಣ ಆಫ್ರಿಕಾದ ಆಲೋ ವೇರಿಗೇಟಾ ಹುಲಿಯ ಮೈಯಂತೆ ಬಿಳಿ ಪಟ್ಟೆಗಳಿಂದ ಕಣ್ಸೆಳೆಯುತ್ತದೆ. ಅದೇ ದೇಶದ ಆಲೋ ಹ್ಯುಮಿಲಿಸ್ ಮತ್ತು ಆಲೋ ಬ್ರೆವಿಫೋಲಿಯಾಗಳೂ ಗೇಣುದ್ದ ದಾಟದ ಗಿಡಗಳು. ದಕ್ಷಿಣ ಆಫ್ರಿಕಾದ ಇಂಥ ಕಿರು ಬಗೆಗಳು ತಂಪು ದಿನಗಳಲ್ಲಿ ಬೆಳೆದು ಕಡು ಬೇಸಿಗೆಯಲ್ಲಿ ವಿಶ್ರಮಿಸುವ ಸ್ವಭಾವದವು. ಗಿಡ ಮಲಗಿರುವ ಏಪ್ರಿಲ್ ಮೇ ತಿಂಗಳುಗಳಲ್ಲಿ ‘ಪಾಪ, ಬಿಸಿಲು’ ಎಂದು ದಿನವೂ ನೀರು ಹಾಕಿದರೆ ಅದು ಬುಡದಿಂದಲೇ ಕೊಳೆಯುತ್ತದೆ. ಇವನ್ನು ಮಧ್ಯಾಹ್ನದ ಬಿಸಿಲು ಬೀಳದ ಪೂರ್ವ ದಿಕ್ಕಿನ ಜಗಲಿಯಲ್ಲಿಟ್ಟು, ಬೇಸಿಗೆಯಲ್ಲಿ ಅಪರೂಪಕ್ಕೆ ನೀರು ಕೊಡಬೇಕು.

ಒಂದು ಕಾನೂನಿನ ಅಂಶವನ್ನೂ ಗಮನಿಸತಕ್ಕದ್ದು. ಅಳಿವಿನ ಭೀತಿಯಲ್ಲಿರುವ ಪ್ರಾಣಿ ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟ್ಸ್’ ಒಪ್ಪಂದದ ಪಟ್ಟಿಯಲ್ಲಿ ಆಲೋ ಕುಲದ ಪ್ರಭೇದಗಳಿವೆ. ಆಲೋ ವೆರಾಕ್ಕೆ ಮಾತ್ರ ವಿನಾಯಿತಿಯಿದೆ. ಆದಕಾರಣ ಸಾರ್ವಜನಿಕ ಹಣದಲ್ಲಿ ಕೊಳ್ಳುವ ಕಿರು ಆಲೋಗಳು ನರ್ಸರಿಯಲ್ಲಿಯೇ ಮರಿ ಮಾಡಿದವು ಎಂಬ ರಸೀದಿಯನ್ನು ಪಡೆಯುವುದು ಉಚಿತ.

5. ನೆಡುವ ಕ್ರಮ

ಲೋಳೆಸರ ನಮ್ಮಲ್ಲಿ ಬೀಜ ಕಟ್ಟುವುದು ವಿರಳ. ತಾಯಿಗಿಡದ ಬುಡದಲ್ಲಿ ಏಳುವ ಮರಿಗಳಿಂದಲೇ ಅದರ ವಂಶ ಬೆಳೆಯುತ್ತದೆ. ಎಲೆಯನ್ನು ಕತ್ತರಿಸಿ ನೆಟ್ಟರೆ ಬೇರು ಬರುವುದೆಂಬ ನಂಬಿಕೆ ಸರಿಯಲ್ಲ. ತಿರುಳು ತುಂಬಿದ ಎಲೆ ಬೇರೊಡೆಯುವ ಮೊದಲೇ ಕೊಳೆಯುತ್ತದೆ.

ಗೇಣುದ್ದವಿದ್ದು ನಾಲ್ಕೈದು ಎಲೆಗಳನ್ನು ಬಿಟ್ಟಿರುವ ಮರಿಯನ್ನು ಆರಿಸಿಕೊಳ್ಳಬೇಕು. ಸುತ್ತಲಿನ ಮಣ್ಣನ್ನು ಸಡಿಲಿಸಿ, ತಾಯಿಗಿಡಕ್ಕೆ ಅಂಟಿಕೊಂಡಿರುವ ಕಡೆ ಶುಚಿಯಾದ ಚಾಕುವಿನಿಂದ ಬೇರ್ಪಡಿಸಬೇಕು. ಕೂಡಲೇ ನೆಡಬಾರದು. ಗಾಯದ ಭಾಗ ಒಣಗಿ ಚರ್ಮ ಕಟ್ಟುವವರೆಗೆ ಮೂರರಿಂದ ಐದು ದಿನ ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಬೇಕು. ನೆಟ್ಟ ಮೇಲೆಯೂ ಮೂರು ನಾಲ್ಕು ದಿನ ತಡೆದು ಮೊದಲ ನೀರು ಕೊಡಬೇಕು. ಭತ್ತದ ಪೈರನ್ನೂ ತರಕಾರಿ ಸಸಿಯನ್ನೂ ನೆಟ್ಟು ರೂಢಿಯಿರುವ ಕೈಗೆ ಈ ಕಾಯುವಿಕೆ ಕಷ್ಟವೆನಿಸಬಹುದು. ಆದರೆ ಹಸಿ ಗಾಯಕ್ಕೆ ಹಸಿ ಮಣ್ಣು ತಾಗಿದರೆ ಕೊಳೆರೋಗ ಒಳನುಗ್ಗುತ್ತದೆ.

ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು ಅಥವಾ ಸಣ್ಣ ಜಲ್ಲಿ, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸಾಕು. ಕೆರೆಯ ಗೋಡನ್ನು ಹಾಗೆಯೇ ತುಂಬಬಾರದು. ಅದು ಹೊಲಕ್ಕೆ ಬಲ, ಈ ಗಿಡಕ್ಕೆ ಕಂಟಕ. ಮಣ್ಣಿನ ಕುಂಡ ಪ್ಲಾಸ್ಟಿಕ್ ಕುಂಡಕ್ಕಿಂತ ಉತ್ತಮ, ಏಕೆಂದರೆ ಅದರ ಗೋಡೆಯ ಮೂಲಕವೂ ತೇವ ಆರುತ್ತದೆ. ತಳದಲ್ಲಿ ರಂಧ್ರ ಕಡ್ಡಾಯ. ರಂಧ್ರದ ಮೇಲೆ ಒಂದು ಹೆಂಚಿನ ಚೂರು ಇಡಬೇಕು. ಕಿರು ಆಲೋಗಳಿಗೆ ಆಳಕ್ಕಿಂತ ಅಗಲ ಹೆಚ್ಚಿರುವ ಕುಂಡ ಹಿತ.

ನೆಲದಲ್ಲಿ ನೆಡುವುದಾದರೆ ಒಂದು ಅಡಿ ಎತ್ತರದ ದಿಂಡು ಅಥವಾ ಕಲ್ಲುಕಟ್ಟಿನ ಮಡಿ ಮಾಡಿ, ಗಿಡದಿಂದ ಗಿಡಕ್ಕೆ ಎರಡು ಅಡಿ ಅಂತರ ಬಿಡಬೇಕು. ಜೂನ್ ಜುಲೈ ತಿಂಗಳು ನೆಡಲು ತಕ್ಕ ಕಾಲ. ಆಗ ನೆಟ್ಟ ಮರಿ ಅಕ್ಟೋಬರ್‌ನ ಜಡಿಮಳೆ ಬರುವಷ್ಟರಲ್ಲಿ ಬೇರು ಹಿಡಿದಿರುತ್ತದೆ.

6. ನೀರು, ಬಿಸಿಲು, ರೋಗ

ನೀರಿನ ನಿಯಮ ಒಂದೇ: ಕೊಟ್ಟಾಗ ತಳದವರೆಗೆ ಇಳಿಯುವಂತೆ ಕೊಡುವುದು, ಮತ್ತೆ ಪೂರ್ತಿ ಒಣಗುವವರೆಗೆ ಕೊಡದಿರುವುದು. ಪರೀಕ್ಷೆಗೆ ಒಂದು ಪೊರಕೆ ಕಡ್ಡಿ ಸಾಕು. ಅದನ್ನು ಎರಡು ಅಂಗುಲ ಆಳಕ್ಕೆ ಚುಚ್ಚಿ ತೆಗೆದಾಗ ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ. ಕಡ್ಡಿ ಒಣಗಿ ಬಂದರೆ ಕೊಡಬಹುದು. ಬೇಸಿಗೆಯಲ್ಲಿ ಕುಂಡದ ಲೋಳೆಸರಕ್ಕೆ ಏಳರಿಂದ ಹತ್ತು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಸಾಕಾಗುತ್ತದೆ. ಮಳೆಗಾಲದಲ್ಲಿ ಬೇಕಾಗಿಯೇ ಇಲ್ಲ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಲ್ಲದಂತೆ ಬುಡಕ್ಕೆ ಹಾಕಬೇಕು.

ಈ ಲೆಕ್ಕವನ್ನು ಪಂಚಾಯಿತಿಯ ಕಣ್ಣಿನಿಂದ ನೋಡೋಣ. ಒಂದು ಶಾಲೆಯಲ್ಲಿ 50 ಕುಂಡಗಳಿವೆ ಎನ್ನಿ. ಒಂದು ಕುಂಡಕ್ಕೆ ಒಂದು ಸಲಕ್ಕೆ ಅರ್ಧ ಲೀಟರಿನಂತೆ ಹತ್ತು ದಿನಕ್ಕೊಮ್ಮೆ ನೀರು ಕೊಟ್ಟರೆ, ಫೆಬ್ರವರಿಯಿಂದ ಮೇ ಅಂತ್ಯದವರೆಗಿನ 120 ದಿನಗಳಲ್ಲಿ 12 ಸಲ, ಅಂದರೆ ಕುಂಡಕ್ಕೆ 6 ಲೀಟರ್. ಐವತ್ತು ಕುಂಡಗಳಿಗೆ ಇಡೀ ಬೇಸಿಗೆಗೆ 300 ಲೀಟರ್. ಜಲ ಜೀವನ್ ಮಿಷನ್ ಯೋಜನೆಯ ಮಾನದಂಡದಂತೆ ಗ್ರಾಮೀಣ ವ್ಯಕ್ತಿಯೊಬ್ಬರಿಗೆ ದಿನಕ್ಕೆ ದೊರೆಯಬೇಕಾದ ನೀರು 55 ಲೀಟರ್. ಎಂದರೆ ಇಡೀ ಬೇಸಿಗೆಯ ತೋಟದ ಖರ್ಚು ಆರು ಜನರ ಒಂದು ದಿನದ ಪಾಲಿಗಿಂತ ಕಡಿಮೆ. ಇದಕ್ಕೆ ಎದುರಾಗಿ 100 ಚದರ ಮೀಟರ್ ಹುಲ್ಲುಹಾಸಿಗೆ ದಿನಕ್ಕೆ 5 ಮಿ.ಮೀ. ನೀರು ಬೇಕೆಂದು ಹಿಡಿದರೆ ಒಂದೇ ದಿನಕ್ಕೆ 500 ಲೀಟರ್ ಬೇಕು. ಟ್ಯಾಂಕರಿನಲ್ಲಿ ಕುಡಿಯುವ ನೀರು ತರಿಸುವ ಊರಿನ ಕಚೇರಿಯ ಮುಂದೆ ಯಾವುದು ಶೋಭಿಸುತ್ತದೆ ಎಂಬುದನ್ನು ಸದಸ್ಯರೇ ನಿರ್ಧರಿಸಬಹುದು.

ಗಡಸು ನೀರು ಹಾಕಿದ ಕುಂಡದ ಮಣ್ಣಿನ ಮೇಲೆ ಬಿಳಿ ಉಪ್ಪಿನ ಪದರ ಕಟ್ಟುತ್ತದೆ. ಮೇಲಿನ ಮಣ್ಣನ್ನು ಕೆರೆದು ತೆಗೆದು, ಮಳೆಗಾಲದಲ್ಲಿ ಒಂದೆರಡು ಬಾರಿ ಮಳೆನೀರು ಧಾರಾಳವಾಗಿ ಹಾಯ್ದುಹೋಗಲು ಬಿಟ್ಟರೆ ಉಪ್ಪು ತೊಳೆದುಹೋಗುತ್ತದೆ.

ಕಡು ಬೇಸಿಗೆಯಲ್ಲಿ ಎಲೆ ಕೆಂಗಂದು ಬಣ್ಣಕ್ಕೆ ತಿರುಗುವುದು ರೋಗವಲ್ಲ, ಬಿಸಿಲಿನ ಒತ್ತಡದ ಲಕ್ಷಣ. ನೆರಳಿನಲ್ಲಿ ಬೆಳೆದ ಗಿಡವನ್ನು ಏಕಾಏಕಿ ಬಯಲಿಗಿಟ್ಟರೆ ಎಲೆ ಸುಟ್ಟು ಬೆಳ್ಳಗಾಗುತ್ತದೆ. ಎರಡು ವಾರಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಬಿಸಿಲಿಗೆ ಒಗ್ಗಿಸಬೇಕು. ಎಲೆ ಬುಡದಲ್ಲಿ ಮೆತ್ತಗಾಗಿ ನೀರಾಗಿ ದುರ್ವಾಸನೆ ಬಂದರೆ ಅದು ಕೊಳೆರೋಗ. ಗಿಡವನ್ನು ಕಿತ್ತು, ಕೊಳೆತ ಬೇರು ಎಲೆಗಳನ್ನು ಕತ್ತರಿಸಿ, ವಾರವಿಡೀ ನೆರಳಿನಲ್ಲಿ ಒಣಗಿಸಿ ಹೊಸ ಮಣ್ಣಿನಲ್ಲಿ ನೆಟ್ಟರೆ ಹಲವು ಬಾರಿ ಉಳಿಯುತ್ತದೆ. ಎಲೆಯ ಕಂಕುಳಲ್ಲಿ ಹತ್ತಿಯಂತೆ ಕಾಣುವುದು ಹಿಟ್ಟು ತಿಗಣೆ. ಒದ್ದೆ ಬಟ್ಟೆಯಿಂದ ಒರೆಸಿ, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಬೇಕು. ಬಿಸಿಲಿನಲ್ಲಿ ಎಣ್ಣೆ ಸಿಂಪಡಿಸಿದರೆ ಎಲೆ ಸುಡುತ್ತದೆ.

7. ಬಳಕೆಯಲ್ಲಿ ಎಚ್ಚರಿಕೆ

ಶಾಲೆ ಅಂಗನವಾಡಿಗಳಲ್ಲಿ ಗಿಡ ಬೆಳೆಸುವಾಗ ಈ ಭಾಗವನ್ನು ಶಿಕ್ಷಕರಿಗೂ ಕಾರ್ಯಕರ್ತೆಯರಿಗೂ ಓದಿ ತಿಳಿಸುವಂತೆ ಕೋರಲಾಗಿದೆ. ಲೋಳೆಸರದ ಎಲೆಯಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಳಗಿನ ಬಣ್ಣವಿಲ್ಲದ ತಿರುಳು ಒಂದು. ಸಿಪ್ಪೆಯ ಅಡಿಯಲ್ಲಿ ಒಸರುವ ಕಹಿಯಾದ ಹಳದಿ ರಸ ಇನ್ನೊಂದು. ಈ ಹಳದಿ ರಸವನ್ನು ಒಣಗಿಸಿದಾಗ ದೊರೆಯುವುದೇ ಗ್ರಂಥಿಗೆ ಅಂಗಡಿಯ ಮುಸಬ್ಬರ, ಅಂದರೆ ಕರಿಬೋಳ. ಇದು ಉಗ್ರ ಭೇದಿಕಾರಕ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 2002ರಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರುವ ಭೇದಿ ಔಷಧಗಳಲ್ಲಿ ಇದರ ಬಳಕೆಯನ್ನು ನಿಲ್ಲಿಸಿತು.

ಆದ್ದರಿಂದ ಗರ್ಭಿಣಿಯರು, ಬಾಣಂತಿಯರು ಮತ್ತು ಮಕ್ಕಳು ಲೋಳೆಸರವನ್ನು ಹೊಟ್ಟೆಗೆ ತೆಗೆದುಕೊಳ್ಳಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಇದರ ರಸ ಕುಡಿಯಬಾರದು. ಸಣ್ಣ ಸುಟ್ಟಗಾಯವಾದರೆ ಮೊದಲು ಹತ್ತು ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ಆನಂತರ, ಹಳದಿ ರಸ ಸೋರಿಹೋದ ಎಲೆಯ ಸ್ವಚ್ಛ ತಿರುಳನ್ನು ಹಚ್ಚಬಹುದು. ಬೊಬ್ಬೆ ಒಡೆದ, ಆಳವಾದ ಅಥವಾ ಅಂಗೈಗಿಂತ ದೊಡ್ಡದಾದ ಸುಟ್ಟಗಾಯಕ್ಕೆ ಯಾವ ಸೊಪ್ಪನ್ನೂ ಹಚ್ಚದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

8. ಮರು ಖರೀದಿಯ ಮಾತು ಬಂದಾಗ

‘ಮರಿಗಳನ್ನು ನಮ್ಮಿಂದ ಕೊಳ್ಳಿ, ಎಲೆಯನ್ನು ನಾವೇ ಕೊಳ್ಳುತ್ತೇವೆ, ಬರಡು ಭೂಮಿಯಲ್ಲಿ ನೀರಿಲ್ಲದೆ ಲಕ್ಷಗಟ್ಟಲೆ ಆದಾಯ’ ಎಂಬ ಪ್ರಸ್ತಾವಗಳು ಸ್ವಸಹಾಯ ಸಂಘಗಳ ಮುಂದೆ, ಕೆಲವೊಮ್ಮೆ ಪಂಚಾಯಿತಿಯ ಮುಂದೆಯೇ ಬರಬಹುದು. ಸದಸ್ಯರ ಒಂದು ಮಾತಿನ ಮೇಲೆ ಹತ್ತಾರು ಹೆಣ್ಣುಮಕ್ಕಳು ತಮ್ಮ ಸಂಘದ ಉಳಿತಾಯವನ್ನು ತೊಡಗಿಸುವ ಸಂದರ್ಭವಿದು. ಆದ್ದರಿಂದ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು.

ಎರಡು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 11,000 ಮರಿಗಳು ಬೇಕು. ಮರಿಯೊಂದಕ್ಕೆ 5 ರೂಪಾಯಿ ಎಂದು ಉದಾಹರಣೆಗೆ ಹಿಡಿದರೂ ಮರಿಗಳಿಗೇ 55,000 ರೂಪಾಯಿ. ಉಳುಮೆ, ಗೊಬ್ಬರ, ಕಳೆ, ಕೂಲಿ ಬೇರೆ. ಮೊದಲ ಎಲೆ ಕೊಯ್ಲಿಗೆ ನೀರಾವರಿಯಲ್ಲಿಯೇ ಒಂದು ವರ್ಷದ ಆಸುಪಾಸು ಕಾಯಬೇಕು. ಮಳೆಯಾಶ್ರಯದಲ್ಲಿ ಇನ್ನೂ ತಡ. ಕೊಯ್ದ ಎಲೆ ಶೇಂಗಾದಂತೆ ಗೋದಾಮಿನಲ್ಲಿ ಕಾಯುವ ಸರಕಲ್ಲ. ಕೊಯ್ದ ಕೆಲವೇ ಗಂಟೆಗಳಲ್ಲಿ ಸಂಸ್ಕರಣೆಯಾಗದಿದ್ದರೆ ತಿರುಳಿನ ಗುಣ ಕೆಡುತ್ತದೆ. ಲಾರಿಯಲ್ಲಿ ಹತ್ತು ಟನ್ ಎಲೆ ಸಾಗಿಸಿದರೆ ನಾವು ಸಾಗಿಸಿದ್ದು ಬಹುಪಾಲು ನೀರನ್ನೇ; ಬಾಡಿಗೆಯನ್ನು ಮಾತ್ರ ಪೂರ್ತಿ ತೂಕಕ್ಕೆ ಕೊಡಬೇಕು. ಅಂದಮೇಲೆ ಈ ವ್ಯವಹಾರದ ಜೀವಾಳವಿರುವುದು ಹೊಲದಿಂದ ಸಂಸ್ಕರಣಾ ಘಟಕಕ್ಕಿರುವ ದೂರದಲ್ಲಿ.

3ನೆಯ ಭಾಗದಲ್ಲಿ ಹೇಳಿದ ಮಾತು ಇಲ್ಲಿ ಮತ್ತೆ ಎದುರಾಗುತ್ತದೆ. ಬರ ಬಂದ ವರ್ಷ ಗಿಡ ಸಾಯುವುದಿಲ್ಲ, ಆದರೆ ಎಲೆ ತೂಗುವುದಿಲ್ಲ. ಒಪ್ಪಂದದಲ್ಲಿ ‘ಎಲೆಯೊಂದರ ಕನಿಷ್ಠ ತೂಕ ಇಷ್ಟಿರಬೇಕು’ ಎಂಬ ಒಂದು ಸಾಲಿದ್ದರೆ, ಬರಗಾಲದ ಇಡೀ ಫಸಲು ತಿರಸ್ಕೃತವಾಗಲು ಅದೊಂದೇ ಸಾಲು ಸಾಕು.

ಆದಕಾರಣ ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆಯುವವರೆಗೆ ಯಾವ ಪ್ರಸ್ತಾವಕ್ಕೂ ಪಂಚಾಯಿತಿಯ ಬೆಂಬಲ ಸೂಚಿಸಬಾರದು:

(ಅ) ಸಂಸ್ಕರಣಾ ಘಟಕ ಎಲ್ಲಿದೆ? ಈಗ ನಡೆಯುತ್ತಿದೆಯೇ? ನಮ್ಮಿಂದ ಯಾರಾದರೂ ಹೋಗಿ ನೋಡಿದ್ದಾರೆಯೇ?
(ಆ) ಕಿಲೋ ಬೆಲೆ ಎಷ್ಟು? ಎಷ್ಟು ವರ್ಷ ಅದೇ ಬೆಲೆ? ಹಣ ಎಷ್ಟು ದಿನದೊಳಗೆ ಖಾತೆಗೆ ಬರುತ್ತದೆ?
(ಇ) ಸಾಗಣೆ ವೆಚ್ಚ ಯಾರದು? ತೂಕ ಹಾಕುವುದು ಹೊಲದಲ್ಲೋ, ಘಟಕದಲ್ಲೋ?
(ಈ) ಯಾವ ಕಾರಣಕ್ಕೆ ಎಲೆಯನ್ನು ತಿರಸ್ಕರಿಸಬಹುದು? ಬರದ ವರ್ಷಕ್ಕೆ ಬೇರೆ ನಿಯಮವಿದೆಯೇ?
(ಉ) ಕೊಳ್ಳುವವರು ಬಾರದಿದ್ದರೆ ಮರಿಗಳಿಗೆ ಕೊಟ್ಟ ಮುಂಗಡದ ಗತಿಯೇನು? ಇದೇ ಕಂಪನಿಯಿಂದ ಹಿಂದೆ ಹಣ ಪಡೆದ ಬೆಳೆಗಾರರನ್ನು ನಾವು ನೇರವಾಗಿ ಮಾತನಾಡಿಸಬಹುದೇ?

ಕರಾರು ಪತ್ರವನ್ನು ಓದಿಸಿ ಕೇಳುವ ಅಗತ್ಯ ಈ ಸೀಮೆಗೆ ಹೊಸದಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ರೈತರು 2,050 ಮೆಗಾವ್ಯಾಟ್ ಸೌರ ವಿದ್ಯುತ್ ಪಾರ್ಕಿಗೆ ಸುಮಾರು 13,000 ಎಕರೆ ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟರು. ಭೂಮಿಯ ಒಡೆತನ ಯಾರಲ್ಲಿ ಉಳಿಯುತ್ತದೆ, ಎಷ್ಟು ವರ್ಷ, ಎಷ್ಟು ಹಣ ಎಂಬುದು ಕಾಗದದ ಮೇಲೆ ಬರೆದಿರುವ ಮಾತುಗಳನ್ನು ಅವಲಂಬಿಸಿದೆ ಎಂಬುದನ್ನು ಅಲ್ಲಿನ ಮನೆಮನೆಯೂ ಬಲ್ಲದು. ಒಂದು ಎಕರೆ ಲೋಳೆಸರಕ್ಕೂ ಅದೇ ಎಚ್ಚರ ಬೇಕು.

ಇದರರ್ಥ ಲೋಳೆಸರದಿಂದ ಆದಾಯವೇ ಇಲ್ಲವೆಂದಲ್ಲ. ಬದುವಿನ ಮೇಲೆ ನೂರು ಗಿಡ ಬೆಳೆಸಿ, ಮರಿಗಳನ್ನು ಕುಂಡದಲ್ಲಿ ಬೇರು ಹಿಡಿಸಿ ಸಂತೆಯಲ್ಲಿ, ಪಟ್ಟಣದ ನರ್ಸರಿಗಳಿಗೆ ಮಾರುವುದು ಸ್ವಸಹಾಯ ಸಂಘಕ್ಕೆ ಎಟುಕುವ ಕೆಲಸ. ಕಿರು ಆಲೋಗಳಿಗೆ ನಗರದ ಮನೆಗಳಲ್ಲಿ ಬೇಡಿಕೆಯಿದೆ. ಇಂಥ ಉದ್ಯಮದಲ್ಲಿ ಮಾರುವುದು ಬೇರುಬಿಟ್ಟ ಗಿಡವನ್ನು. ಅದು ಈ ವಾರ ಮಾರಾಟವಾಗದಿದ್ದರೆ ಮುಂದಿನ ವಾರಕ್ಕೆ ಕೆಡುವುದಿಲ್ಲ. 25 ತಾಯಿಗಿಡಗಳಿಂದ ಆರಂಭಿಸಿ, ಗಿಡವೊಂದು ವರ್ಷಕ್ಕೆ ನಾಲ್ಕು ಮರಿ ಕೊಟ್ಟಿತೆಂದು ಭಾವಿಸಿದರೂ ವರ್ಷಕ್ಕೆ 100 ಮರಿಗಳು ದೊರೆತವು. ಬಂಡವಾಳ ಕುಂಡ ಮತ್ತು ಮಣ್ಣು ಮಾತ್ರ. ಸೋತರೂ ಸಾಲವಾಗದ ಗಾತ್ರದಲ್ಲಿ ಕಲಿಯುವುದು ಲೇಸು.

9. ಎಲ್ಲಿ ನೆಡಬಾರದು

ಗೋಮಾಳ, ಹುಲ್ಲುಗಾವಲುಗಳನ್ನು ‘ಪಾಳುಭೂಮಿ’ ಎಂದು ಬರೆದು ಅಲ್ಲಿ ಲೋಳೆಸರವನ್ನೋ ಕತ್ತಾಳೆಯನ್ನೋ ಹರಡುವ ಯೋಜನೆಗಳಿಗೆ ಒಪ್ಪಿಗೆ ಕೊಡಬಾರದು. ಕುರಿಗಾರರ ಮೇವು ಆ ಹುಲ್ಲೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ನೋಡುವ ಕಣ್ಣಿಗೆ ಬರಿ ಬಯಲಾಗಿ ಕಾಣುವ ನೆಲ ಎಷ್ಟು ಜೀವಗಳನ್ನು ಸಾಕುತ್ತಿದೆ ಎಂಬುದಕ್ಕೆ ಅದು ನಮ್ಮ ನಡುವಿನ ಸಾಕ್ಷಿ. ಹಾಗೆಯೇ ಔಷಧೀಯ ಸಸ್ಯಗಳಿಗೆ ಹೆಸರಾದ ಕೊರಟಗೆರೆಯ ಸಿದ್ಧರಬೆಟ್ಟದಂಥ ಕಡೆಗಳಲ್ಲಿ ಹೊರಗಿನ ಗಿಡ ನೆಡುವುದಾಗಲಿ, ಇರುವ ಗಿಡ ಕೀಳುವುದಾಗಲಿ ಸಲ್ಲದು. ಲೋಳೆಸರದ ತಾವು ಹಿತ್ತಲು, ಬದು, ಕುಂಡ ಮತ್ತು ಕಟ್ಟಡದ ಆವರಣ.

ಜೀವವೈವಿಧ್ಯ ಅಧಿನಿಯಮ 2002ರ ಅನ್ವಯ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಹಳೆಯ ಲೋಳೆಸರ ಬಗೆಗಳು, ಅವುಗಳ ಬಳಕೆ, ಅವನ್ನು ಉಳಿಸಿಕೊಂಡಿರುವ ಹಿತ್ತಲುಗಳ ವಿವರವನ್ನು ಆ ಸಮಿತಿಯು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡಬಹುದು.

10. ವರ್ಷದ ಕೆಲಸದ ಪಟ್ಟಿ

ಮೇ: ಸ್ಥಳ ಆಯ್ಕೆ, ಕುಂಡ ಮತ್ತು ಮಣ್ಣಿನ ಸಿದ್ಧತೆ, ಊರಿನೊಳಗೆ ತಾಯಿಗಿಡಗಳ ಗುರುತು.
ಜೂನ್, ಜುಲೈ: ಮರಿ ಬೇರ್ಪಡಿಸಿ, ಒಣಗಿಸಿ ನೆಡುವುದು.
ಆಗಸ್ಟ್: ಕಳೆ ತೆಗೆಯುವುದು, ಸತ್ತ ಮರಿಗಳ ಜಾಗದಲ್ಲಿ ಹೊಸದನ್ನು ನೆಡುವುದು.
ಸೆಪ್ಟೆಂಬರ್, ಅಕ್ಟೋಬರ್: ಮಡಿಗಳಲ್ಲಿ ನೀರು ನಿಲ್ಲದಂತೆ ಕಾಲುವೆ ಬಿಡಿಸುವುದು, ಕಿರು ಆಲೋಗಳ ಕುಂಡಗಳನ್ನು ಸೂರಿನಡಿ ಇಡುವುದು.
ನವೆಂಬರ್‌ನಿಂದ ಜನವರಿ: ಹಿಟ್ಟು ತಿಗಣೆಯ ತಪಾಸಣೆ. ಹೂಕಾಂಡ ಕತ್ತರಿಸದಿರುವುದು, ಸೂರಕ್ಕಿಗಳು ಮಕರಂದಕ್ಕೆ ಬರುತ್ತವೆ, ಮಕ್ಕಳಿಗೆ ಅದೊಂದು ಪಾಠ.
ಫೆಬ್ರವರಿಯಿಂದ ಏಪ್ರಿಲ್: ಹತ್ತು ದಿನಕ್ಕೊಮ್ಮೆ ನೀರು, ಪಡುವಣ ಬಿಸಿಲಿಗೆ ನೆರಳು. ಬೇಸಿಗೆ ರಜೆಯಲ್ಲಿ ನೀರು ಹಾಕುವವರು ಯಾರು ಎಂಬುದನ್ನು ಮಾರ್ಚ್ ಸಭೆಯಲ್ಲಿಯೇ ನಿಗದಿಪಡಿಸುವುದು.

ಉದ್ಯೋಗ ಖಾತರಿ ಅಥವಾ ಇತರ ಯೋಜನೆಯ ಹಣದಲ್ಲಿ ಈ ಕೆಲಸ ಕೈಗೊಳ್ಳುವುದಾದರೆ, ಅದು ಪ್ರಸ್ತುತ ಅನುಮತಿಸಲಾದ ಕಾಮಗಾರಿಗಳಲ್ಲಿ ಸೇರಿದೆಯೇ ಎಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಂದ ಮೊದಲು ಖಚಿತಪಡಿಸಿಕೊಳ್ಳಬೇಕು. ತಾಂತ್ರಿಕ ಸಲಹೆಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು, ಮಣ್ಣು ನೀರಿನ ಪರೀಕ್ಷೆಗೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

11. ಸಭೆಯಲ್ಲಿ ಚರ್ಚೆಗೆ

1. ನಮ್ಮ ಪಂಚಾಯಿತಿಯ ಕಟ್ಟಡ, ಶಾಲೆ, ಅಂಗನವಾಡಿಗಳ ಆವರಣದಲ್ಲಿರುವ ಗಿಡಗಳಿಗೆ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ನೀರು ಖರ್ಚಾಗುತ್ತಿದೆ?
2. ನಮ್ಮ ಬದುಗಳಲ್ಲಿರುವುದು ಕತ್ತಾಳೆಯೋ, ಲೋಳೆಸರವೋ, ಕಳ್ಳಿಯೋ? ಮಕ್ಕಳಿಗೆ ವ್ಯತ್ಯಾಸ ಗೊತ್ತಿದೆಯೇ?
3. ಮರು ಖರೀದಿಯ ಪ್ರಸ್ತಾವ ಬಂದರೆ ಪ್ರಶ್ನೆ ಕೇಳುವ ಹೊಣೆಯನ್ನು ಯಾವ ಮೂವರು ಸದಸ್ಯರಿಗೆ ವಹಿಸೋಣ? ಅವರಲ್ಲಿ ಒಬ್ಬರಾದರೂ ಸ್ವಸಹಾಯ ಸಂಘದ ಮಹಿಳೆ ಇರುವಂತೆ ನೋಡಿಕೊಳ್ಳಬಹುದೇ?
4. ಈ ವರ್ಷ ಒಂದೇ ಒಂದು ಶಾಲೆಯಲ್ಲಿ 50 ಕುಂಡಗಳಿಂದ ಆರಂಭಿಸಿ, ಮುಂದಿನ ಜೂನ್‌ನಲ್ಲಿ ಎಷ್ಟು ಉಳಿದವೆಂದು ಎಣಿಸಿ, ಆನಂತರ ವಿಸ್ತರಿಸಬಹುದೇ?

ಕೊನೆಯ ಪ್ರಶ್ನೆಗೆ ಸಭೆಯು ‘ಹೌದು’ ಎಂದರೆ, ನಡವಳಿ ಪುಸ್ತಕದಲ್ಲಿ ಶಾಲೆಯ ಹೆಸರು, ಕುಂಡಗಳ ಸಂಖ್ಯೆ, ರಜೆಯಲ್ಲಿ ನೀರು ಹಾಕುವ ಹೊಣೆ ಹೊತ್ತವರ ಹೆಸರು ಈ ಮೂರನ್ನೂ ನಮೂದಿಸಬೇಕು. ನೆಟ್ಟ ಗಿಡಗಳ ಲೆಕ್ಕ ಬರೆಯುವುದು ಸುಲಭ. ಒಂದು ಬೇಸಿಗೆ ದಾಟಿ ಉಳಿದ ಗಿಡಗಳ ಲೆಕ್ಕವನ್ನು ಬರೆದಾಗಲೇ ಕೆಲಸ ಪೂರ್ಣವಾದಂತೆ.